ಹೊಸ ಮಕ್ಕಳ ಲೆಕ್ಕ: ಮುಂಬಯಿಯ ಗಣಿತ ಟೀಚರುಗಳು ಜೂನ್ ಬಂದಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆ ತೆರೆಯುವ ಜೂನ್ ಹತ್ತಿರ ಬಂತು ಅಂದರೆ, ಹೊಸ ಮಕ್ಕಳನ್ನು ತಿಳಿದುಕೊಳ್ಳುವುದು ಹೇಗೆ ಅಂತ ಇದೇ ಪ್ರಶ್ನೆಗಳು. ಕೇಳುವವರು ಹೆಚ್ಚಾಗಿ ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರುಗಳು. ಕೆಲವರು ಘಾಟ್ಕೋಪರ್, ಡೊಂಬಿವಲಿ, ಠಾಣೆ ಕಡೆ ಮನೆಯಲ್ಲೇ ಟ್ಯೂಷನ್ ಹೇಳುವ ಅಕ್ಕಂದಿರು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಐದರಿಂದ ಹತ್ತನೇ ಕ್ಲಾಸಿನವರೆಗೆ ಗಣಿತ ಹೇಳುವವಳು. ಹಾಗಾಗಿ ಉದಾಹರಣೆಗಳೂ ಅಲ್ಲಿಂದಲೇ. ಒಂದನೇ, ಎರಡನೇ ಕ್ಲಾಸಿನವರಿಗೆ ಇದರಲ್ಲಿ ಜಾಸ್ತಿ ಸಿಗಲಿಕ್ಕಿಲ್ಲ.

ಮೊದಲ ದಿನ ಪರಿಚಯ ಮಾಡಿಕೊಳ್ಳಬೇಕಾ, ಪಾಠ ಶುರು ಮಾಡಬೇಕಾ?

ಎರಡೂ ಬೇಡ. ಒಂದು ಲೆಕ್ಕ ಕೊಡಿ.

"ನಿನ್ನ ಹೆಸರೇನು, ಹವ್ಯಾಸ ಏನು, ದೊಡ್ಡವನಾದ ಮೇಲೆ ಏನಾಗುತ್ತೀ" ಅಂತ ಸಾಲಾಗಿ ಎಬ್ಬಿಸಿ ಕೇಳಿದರೆ ನಲವತ್ತು ಮಕ್ಕಳಲ್ಲಿ ಮೂವತ್ತು ಜನ ಕ್ರಿಕೆಟ್, ಡ್ರಾಯಿಂಗ್, ಡಾಕ್ಟರ್ ಅನ್ನುತ್ತಾರೆ. ಅದರಿಂದ ನಿಮಗೆ ಗೊತ್ತಾಗುವುದು ಏನೂ ಇಲ್ಲ. ಅದೇ ಮಕ್ಕಳ ಮುಂದೆ ಸ್ವಲ್ಪ ಆಟದ ಹಾಗಿರುವ ಒಂದು ಲೆಕ್ಕ ಇಡಿ. ಯಾರು ತಕ್ಷಣ ಪೆನ್ಸಿಲ್ ಎತ್ತಿದರು, ಯಾರು ಪಕ್ಕದವನ ಪುಸ್ತಕ ನೋಡಿದರು, ಯಾರು ಬೆರಳು ಎಣಿಸುವುದನ್ನು ಬೆಂಚಿನ ಕೆಳಗೆ ಮಾಡಿದರು, ಯಾರು ರಬ್ಬರ್ ಹಿಡಿದು ಕಾಗದ ಹರಿಯುವ ತನಕ ಅಳಿಸಿದರು, ಎಲ್ಲ ಕಾಣುತ್ತದೆ. ಗಣಿತದ ಟೀಚರಿಗೆ ಬೇಕಾದ ಪರಿಚಯ ಅದು. ಮಗು ಯೋಚನೆ ಮಾಡುವ ರೀತಿ ಗೊತ್ತಾಗಬೇಕು. ಹವ್ಯಾಸ ಏನು ಅಂತ ದೀಪಾವಳಿಯೊಳಗೆ ತಾನಾಗಿ ತಿಳಿಯುತ್ತದೆ.

ಯಾವ ಲೆಕ್ಕ? ಒಂದು ಹೇಳಿ.

ನನ್ನ ಖಾಯಂ ಲೆಕ್ಕ ಕಾಪ್ರೇಕರ್ ಅವರದ್ದು. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ನಮ್ಮ ಪಕ್ಕದವರೇ. ಚರ್ಚ್‌ಗೇಟ್ ಕಡೆಯ ಮಕ್ಕಳು ದಿನಾ ಹೆಸರು ಕೇಳುವ ಡಹಾಣುವಿನಲ್ಲಿ 1905ರಲ್ಲಿ ಹುಟ್ಟಿದರು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು, ಆಮೇಲೆ ನಾಸಿಕದ ಹತ್ತಿರ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದರು. ದೊಡ್ಡ ಡಿಗ್ರಿ ಇರಲಿಲ್ಲ. ಸಂಖ್ಯೆಗಳ ಜೊತೆ ಆಡಿಕೊಂಡೇ ಇದ್ದವರು. ಈ ಮಾತನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ. ಲೆಕ್ಕ ಮುಗಿದ ಮೇಲೆ ಹೇಳಿ, ಕಿವಿ ನೆಟ್ಟಗಾಗುತ್ತದೆ.

ಲೆಕ್ಕ ಹೀಗೆ. ನಾಲ್ಕು ಅಂಕಿಯ ಒಂದು ಸಂಖ್ಯೆ ತಗೊಳ್ಳಿ, ನಾಲ್ಕೂ ಅಂಕಿ ಒಂದೇ ಇರಬಾರದು. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ ಸಂಖ್ಯೆಯನ್ನು ಕಳೆಯಿರಿ. ಬಂದ ಉತ್ತರಕ್ಕೆ ಮತ್ತೆ ಅದನ್ನೇ ಮಾಡಿ. ಕೊನೆಗೆ ಎಲ್ಲರೂ 6174ಕ್ಕೆ ಬಂದು ನಿಲ್ಲುತ್ತಾರೆ, ಏಳು ಸಲದೊಳಗೆ.

ಅವರು ಹುಟ್ಟಿದ ವರ್ಷವನ್ನೇ ಹಾಕಿ ನೋಡಿ. 9510 − 0159 = 9351. 9531 − 1359 = 8172. 8721 − 1278 = 7443. 7443 − 3447 = 3996. 9963 − 3699 = 6264. 6642 − 2466 = 4176. 7641 − 1467 = 6174. ಪೂರ್ತಿ ಏಳು ಸಲ ಬೇಕಾಯಿತು! ಇದನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿದರೆ ಒಂಬತ್ತನೇ ಕ್ಲಾಸಿನ ಹುಡುಗರೂ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ, ಅಪ್ಪನ ರಿಕ್ಷಾದ ನಂಬರ್ ಎಲ್ಲ ಹಾಕಿ ನೋಡುತ್ತಾರೆ.

ಐದನೇ, ಆರನೇ ಕ್ಲಾಸಿಗೆ ಮೂರು ಅಂಕಿ ಸಾಕು. ಅಲ್ಲಿ ಎಲ್ಲರೂ 495ಕ್ಕೆ ಬರುತ್ತಾರೆ. 217 ತಗೊಂಡರೆ 721 − 127 = 594, ಆಮೇಲೆ 954 − 459 = 495, ಎರಡೇ ಸಲದಲ್ಲಿ ಕೆಲಸ ಮುಗಿಯಿತು.

ಮಕ್ಕಳು ಇದನ್ನು ಮಾಡುವಾಗ ನಾನು ಏನು ನೋಡಬೇಕು?

ಉತ್ತರ ನೋಡಬೇಡಿ, ಅದು ನಿಮಗೆ ಮೊದಲೇ ಗೊತ್ತು. ಈ ಲೆಕ್ಕದ ಮಜಾ ಅದೇ, 6174 ಬರದಿದ್ದರೆ ಎಲ್ಲೋ ಕಳೆಯುವುದು ತಪ್ಪಿದೆ ಅಂತ ಮಗುವಿಗೇ ಗೊತ್ತಾಗುತ್ತದೆ, ನೀವು ಕೆಂಪು ಪೆನ್ನು ತೆಗೆಯುವ ಹಾಗೇ ಇಲ್ಲ.

ಸೊನ್ನೆ ಬಂದಾಗ ಏನು ಮಾಡುತ್ತಾರೆ ನೋಡಿ. 2111 ತಗೊಂಡ ಮಗುವಿಗೆ 2111 − 1112 = 999 ಬರುತ್ತದೆ. ಅದನ್ನು 0999 ಅಂತ ಇಟ್ಟುಕೊಂಡರೆ ಮುಂದೆ 9990 − 0999 = 8991 ಆಗಿ ಆಟ ನಡೆಯುತ್ತದೆ. ಬರೀ 999 ಅಂತ ಇಟ್ಟುಕೊಂಡರೆ 999 − 999 = 0, ಆಟ ಮುಗಿಯಿತು. ಆಗ "ಟೀಚರ್, ನನಗೆ ಸೊನ್ನೆ ಬಂತು" ಅಂತ ಒಬ್ಬ ಎದ್ದು ನಿಲ್ಲುತ್ತಾನೆ. ಅವನನ್ನು ಕೂರಿಸಬೇಡಿ, ಬೋರ್ಡಿಗೆ ಕರೆಯಿರಿ. ಸ್ಥಾನಬೆಲೆ ಬಗ್ಗೆ ಇಡೀ ಒಂದು ಪೀರಿಯಡ್ ಮಾತಾಡುವಷ್ಟು ಸಾಮಾನು ಅವನ ಕೈಯಲ್ಲಿದೆ.

ಇನ್ನೊಂದು, ತಪ್ಪಾದಾಗ ಮಗು ಏನು ಮಾಡುತ್ತದೆ? ಕೆಲವರು ಕೊನೆಯ ಸಾಲನ್ನು ಮಾತ್ರ ನೋಡುತ್ತಾರೆ. ಕೆಲವರು ಮೊದಲಿನಿಂದ ಇಡೀ ಲೆಕ್ಕ ಅಳಿಸುತ್ತಾರೆ. ಕೆಲವರು ಪಕ್ಕದವರ ಸಂಖ್ಯೆಯನ್ನೇ ಎತ್ತಿಕೊಂಡು ಬಿಡುತ್ತಾರೆ. ಮತ್ತೆ ಒಬ್ಬಳೋ ಇಬ್ಬರೋ ಇರುತ್ತಾರೆ, ಎಲ್ಲರೂ ಬರೆಯುತ್ತಿರುವಾಗ ಸುಮ್ನೆ ಕಿಟಕಿ ನೋಡುತ್ತಾ ಕೂತು, ಆಮೇಲೆ "ಯಾಕೆ ಯಾವಾಗಲೂ ಅದೇ ಬರುತ್ತದೆ" ಅಂತ ಕೇಳುತ್ತಾರೆ. ಆ ಹೆಸರು ಅವತ್ತೇ ಬರೆದಿಟ್ಟುಕೊಳ್ಳಿ.

ಹೆಸರು ನೆನಪಿಡುವುದೇ ಕಷ್ಟ. ಒಂದೇ ಕ್ಲಾಸಿನಲ್ಲಿ ಆರು ಜನ ಪೂಜಾರಿ, ನಾಲ್ಕು ಜನ ಶೆಟ್ಟಿ.

ಹಾಜರಿ ಪುಸ್ತಕದಲ್ಲಿ ಮಹಾರಾಷ್ಟ್ರದ ಪದ್ಧತಿಯಂತೆ ಅಡ್ಡಹೆಸರು, ಮಗುವಿನ ಹೆಸರು, ಅಪ್ಪನ ಹೆಸರು ಅಂತ ಇರುತ್ತದೆ. ಅಡ್ಡಹೆಸರಿನಿಂದ ಕರೆಯುವ ಅಭ್ಯಾಸ ಮಾಡಿಕೊಂಡರೆ ಕೆಟ್ಟಿರಿ. ರೋಲ್ ನಂಬರಿನಿಂದ ಕರೆಯುವುದು ಇನ್ನೂ ಕೆಟ್ಟದ್ದು. ಮೊದಲ ವಾರ ಬೆಂಚಿನ ನಕ್ಷೆ ಬರೆದುಕೊಳ್ಳಿ, ಜಾಗ ಬದಲಿಸಲು ಬಿಡಬೇಡಿ. ಪುಸ್ತಕ ವಾಪಸ್ ಕೊಡುವಾಗ ಮಾನಿಟರ್ ಕೈಯಲ್ಲಿ ಕೊಡದೆ ನೀವೇ ಒಬ್ಬೊಬ್ಬರ ಹೆಸರು ಹೇಳಿ ಕೊಡಿ. ಸಾಕು, ಹೆಸರು ತಾನಾಗಿ ಬಾಯಿಗೆ ಬರುತ್ತದೆ.

ಕಲಬುರಗಿ, ಯಾದಗಿರಿ ಕಡೆಯ ಮಗುವಿಗೆ ಮನೆಯಲ್ಲಿ ಕರೆಯುವ ಹೆಸರೇ ಬೇರೆ ಇರುತ್ತದೆ. ಅದನ್ನು ಕ್ಲಾಸಿನಲ್ಲಿ ಕರೆಯಬೇಕಾ ಬೇಡವಾ ಅಂತ ಮಗುವನ್ನೇ ಕೇಳಿ.

ವರ್ಷದ ಮೊದಲಲ್ಲೇ ಟೆಸ್ಟ್ ಇಟ್ಟರೆ ಮಕ್ಕಳು ಹೆದರುವುದಿಲ್ಲವಾ?

ಟೆಸ್ಟ್ ಅಂದರೆ ಹೆದರುತ್ತಾರೆ. ಚೀಟಿ ಅಂದರೆ ಹೆದರುವುದಿಲ್ಲ. ಅರ್ಧ ಕಾಗದ ಸಾಕು, ಮಾರ್ಕು ಇಲ್ಲ, ಮನೆಗೆ ಕಳಿಸುವುದೂ ಇಲ್ಲ ಅಂತ ಮೊದಲೇ ಹೇಳಿ, ಹೇಳಿದ ಮಾತಿಗೆ ನಿಲ್ಲಿ. ಒಂದು ಸಲ ಆ ಚೀಟಿಯ ತಪ್ಪನ್ನು ಪಾಲಕರ ಮುಂದೆ ಎತ್ತಿದರೆ ಮುಂದೆ ಯಾವ ಮಗುವೂ ನಿಮಗೆ ನಿಜವಾದ ಉತ್ತರ ಬರೆಯುವುದಿಲ್ಲ, ಪಕ್ಕದವನ ಉತ್ತರ ಬರೆಯುತ್ತದೆ.

ಆರು, ಏಳು, ಎಂಟನೇ ಕ್ಲಾಸಿಗೆ ನಾನು ಕೊಡುವ ಚೀಟಿಯಲ್ಲಿ ಇಷ್ಟೇ ಇರುತ್ತದೆ:

402 − 178 ಎಷ್ಟು?
8 + 4 = ☐ + 5, ಖಾಲಿ ಜಾಗದಲ್ಲಿ ಏನು?
0.35 ಮತ್ತು 0.4, ದೊಡ್ಡದು ಯಾವುದು?
½ + ⅓ ಎಷ್ಟು?
8:47ಕ್ಕೆ ಹೊರಟ ಲೋಕಲ್ 9:10ಕ್ಕೆ ತಲುಪಿದರೆ ಎಷ್ಟು ನಿಮಿಷ?

ಎಂಟು, ಒಂಬತ್ತಕ್ಕೆ ಇನ್ನೆರಡು ಸೇರಿಸಿ: −3 − 5 ಎಷ್ಟು, ಮತ್ತು x = 4 ಆದರೆ 3x ಎಷ್ಟು. ಪ್ರತಿಯೊಂದರ ಕೆಳಗೆ "ಹೇಗೆ ಮಾಡಿದೆ, ಒಂದು ಸಾಲು ಬರಿ" ಅಂತ ಜಾಗ ಬಿಡಿ. ಕನ್ನಡದಲ್ಲಿ, ಮರಾಠಿಯಲ್ಲಿ, ಹಿಂದಿಯಲ್ಲಿ, ಯಾವುದರಲ್ಲಾದರೂ ಬರೆಯಲಿ.

ಚೀಟಿ ಸಿಕ್ಕಿತು. ಅರ್ಧಕ್ಕರ್ಧ ತಪ್ಪು. ಈಗೇನು?

ಈಗಲೇ ಕೆಲಸ ಶುರು. ಸರಿ ಉತ್ತರ ಎಲ್ಲ ಒಂದೇ ತರ ಇರುತ್ತದೆ, ಅದರಿಂದ ಮಗು ಏನು ಯೋಚಿಸಿತು ಅಂತ ತಿಳಿಯುವುದಿಲ್ಲ. ತಪ್ಪು ಉತ್ತರ ಹಾಗಲ್ಲ, ಬಾಯಿ ಬಿಟ್ಟು ಮಾತಾಡುತ್ತದೆ.

402 − 178ಕ್ಕೆ 376 ಬರೆದವನನ್ನು ನೋಡಿ. ಅವನು ಲೆಕ್ಕ ಬಿಟ್ಟು ಊಹೆ ಮಾಡಿಲ್ಲ. ನಾಲ್ಕರಲ್ಲಿ ಒಂದು ಹೋದರೆ ಮೂರು, ಏಳರಲ್ಲಿ ಸೊನ್ನೆ ಹೋದರೆ ಏಳು, ಎಂಟರಲ್ಲಿ ಎರಡು ಹೋದರೆ ಆರು. ಪ್ರತಿ ಸಾಲಿನಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾನೆ, ಮೇಲಿನದು ಯಾವುದು ಕೆಳಗಿನದು ಯಾವುದು ಅಂತ ನೋಡಿಲ್ಲ. ಎರಡನೇ ಕ್ಲಾಸಿನಲ್ಲಿ ಯಾರೋ "ಚಿಕ್ಕದರಿಂದ ದೊಡ್ಡದು ಹೋಗುವುದಿಲ್ಲ" ಅಂತ ಹೇಳಿದ್ದನ್ನು ಇಷ್ಟು ವರ್ಷ ನಿಯತ್ತಿನಿಂದ ಪಾಲಿಸಿಕೊಂಡು ಬಂದಿದ್ದಾನೆ. ಅದೇ 334 ಬರೆದವಳಿದ್ದರೆ ಅವಳ ಕಥೆ ಬೇರೆ. ಅವಳು ಎರಡರ ಮೇಲೂ ಸೊನ್ನೆಯ ಮೇಲೂ ಸಾಲ ತಂದ ಗುರುತು ಹಾಕಿದ್ದಾಳೆ, ನೂರರ ಜಾಗದ ನಾಲ್ಕನ್ನು ಒಂದು ಕಡಿಮೆ ಮಾಡಿಲ್ಲ, ಸೊನ್ನೆಯ ಜಾಗದ ಹತ್ತನ್ನೂ ಒಂಬತ್ತು ಮಾಡಿಲ್ಲ. ಇಬ್ಬರಿಗೂ "ಕಳೆಯುವುದು ಬರುವುದಿಲ್ಲ" ಅಂತ ಒಂದೇ ಷರಾ ಬರೆದರೆ ಇಬ್ಬರಿಗೂ ಉಪಯೋಗವಿಲ್ಲ.

8 + 4 = ☐ + 5ಕ್ಕೆ ತುಂಬಾ ಜನ 12 ಬರೆಯುತ್ತಾರೆ, ಕೆಲವರು ಮುಂದಿನ ಐದನ್ನೂ ಕೂಡಿಸಿ 17 ಬರೆಯುತ್ತಾರೆ. ಬರಬೇಕಾದ್ದು 7. ಈ ಮಕ್ಕಳಿಗೆ ಕೂಡುವುದು ಚೆನ್ನಾಗಿಯೇ ಬರುತ್ತದೆ. ಸಮ ಚಿಹ್ನೆ ಅಂದರೆ "ಉತ್ತರ ಇಲ್ಲಿ ಬರಿ" ಅಂತ ಅವರು ತಿಳಿದುಕೊಂಡಿದ್ದಾರೆ. ಎರಡೂ ಕಡೆ ಸಮ ಇರಬೇಕು ಅನ್ನುವುದು ತಲೆಗೆ ಹೋಗಿಲ್ಲ. ಇದನ್ನು ಜೂನ್‌ನಲ್ಲಿ ಸರಿ ಮಾಡದಿದ್ದರೆ ಸಮೀಕರಣದ ಪಾಠ ಬಂದಾಗ "ಆ ಕಡೆ ಹೋದರೆ ಪ್ಲಸ್ ಮೈನಸ್ ಆಗುತ್ತದೆ" ಅಂತ ಮಂತ್ರದ ಹಾಗೆ ಹೇಳುತ್ತಾರೆ, ಯಾಕೆ ಅಂತ ಕೇಳಿದರೆ ಮುಖ ನೋಡುತ್ತಾರೆ.

0.35 ದೊಡ್ಡದು ಅನ್ನುವವರಿಗೆ 35 ನಾಲ್ಕಕ್ಕಿಂತ ದೊಡ್ಡದು ಅಷ್ಟೇ. ಇದಕ್ಕೆ ಕ್ರಿಕೆಟ್ ಕೂಡ ಸ್ವಲ್ಪ ಕಾರಣ ಅಂತ ನನ್ನ ಅನುಮಾನ. ಮುಂಬಯಿಯ ಹುಡುಗರಿಗೆ 4.3 ಓವರ್ ಅಂದರೆ ನಾಲ್ಕು ಓವರ್ ಮೂರು ಬಾಲ್, 4.5 ಆದ ಮೇಲೆ ಒಂದು ಬಾಲ್ ಹಾಕಿದರೆ 5. ಆ ಚುಕ್ಕೆ ದಶಮಾಂಶದ ಚುಕ್ಕೆ ಅಲ್ಲ, ಆದರೆ ನೋಡಲು ಹಾಗೇ ಇದೆ. ಇದನ್ನು ಕ್ಲಾಸಿನಲ್ಲಿ ಎತ್ತಿದರೆ ಹಿಂದಿನ ಬೆಂಚಿನವರು ಮೊದಲ ಸಲ ಬಾಯಿ ಬಿಡುತ್ತಾರೆ, ಗ್ಯಾರಂಟಿ.

ಲೋಕಲ್ ಲೆಕ್ಕಕ್ಕೆ 63 ಬರೆಯುವವರು ಪ್ರತಿ ವರ್ಷ ಇರುತ್ತಾರೆ. 910ರಿಂದ 847 ಕಳೆದಿದ್ದಾರೆ. ಗಂಟೆಗೆ ಅರವತ್ತು ನಿಮಿಷ ಅಂತ ಗೊತ್ತಿಲ್ಲವಾ? ಚೆನ್ನಾಗಿ ಗೊತ್ತಿದೆ. ಅದೇ ಮಗು ಸ್ಟೇಷನ್ನಿನಲ್ಲಿ "ಇನ್ನೂ ಇಪ್ಪತ್ತಮೂರು ನಿಮಿಷ" ಅಂತ ಸರಿಯಾಗಿ ಹೇಳುತ್ತದೆ. ಪುಸ್ತಕ ತೆರೆದ ಕೂಡಲೇ ಹೊರಗಿನ ಬುದ್ಧಿಯನ್ನು ಹೊರಗೇ ಬಿಟ್ಟು ಬರುತ್ತದೆ. ಇಂಥ ಮಕ್ಕಳನ್ನು ಗುರುತಿಸಿಟ್ಟುಕೊಳ್ಳಿ, ಇವರಿಗೆ ಬೇಕಾದ್ದು ಜಾಸ್ತಿ ಅಭ್ಯಾಸ ಅಲ್ಲ.

½ + ⅓ = 2/5, −3 − 5 = 8, 3x = 34, ಇವು ನಿಮಗೆ ಗೊತ್ತಿರುವ ಹಳೇ ಗಿರಾಕಿಗಳು. ಒಂದೇ ಮಾತು: −3 − 5 = 8 ಬರೆದವರನ್ನು ಕೇಳಿದರೆ "ಮೈನಸ್ ಮೈನಸ್ ಪ್ಲಸ್" ಅನ್ನುತ್ತಾರೆ. ಗುಣಾಕಾರದ ನಿಯಮವನ್ನು ಇಲ್ಲಿ ತಂದು ಹಾಕಿದ್ದಾರೆ. ನಿಯಮ ಮರೆತಿಲ್ಲ, ಯಾವಾಗ ಹಾಕಬೇಕು ಅಂತ ಗೊತ್ತಿಲ್ಲ, ಅಷ್ಟೇ.

ಕ್ಲಾಸಿನಲ್ಲಿ ಅರವತ್ತು ಮಕ್ಕಳಿದ್ದಾರೆ. ಇಷ್ಟೆಲ್ಲ ಒಬ್ಬೊಬ್ಬರದ್ದು ಓದಲು ಆಗುತ್ತದಾ?

ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಆರರಿಂದ ಎಂಟನೇ ಕ್ಲಾಸಿಗೆ 35 ಮಕ್ಕಳಿಗೆ ಒಬ್ಬ ಟೀಚರ್ ಅನ್ನುತ್ತದೆ. ಇರಲಿ ಬಿಡಿ.

ಎಲ್ಲವನ್ನೂ ಓದಬೇಡಿ. ಒಂದು ಪ್ರಶ್ನೆ ಹಿಡಿದು ಅರವತ್ತು ಚೀಟಿಗಳನ್ನು ಉತ್ತರದ ಪ್ರಕಾರ ಗುಡ್ಡೆ ಹಾಕಿ. 376ರ ಗುಡ್ಡೆ, ಸರಿ ಉತ್ತರ 224ರ ಗುಡ್ಡೆ, ಉಳಿದದ್ದು. ಹೆಚ್ಚೆಂದರೆ ನಾಲ್ಕೈದು ಗುಡ್ಡೆ ಆಗುತ್ತದೆ. ಲೋಕಲಿನಲ್ಲಿ ಸೀಟು ಸಿಕ್ಕಿದ ದಿನ ಕಲ್ಯಾಣ್ ಬರುವುದರೊಳಗೆ ಮುಗಿಯುವ ಕೆಲಸ. ಒಂದು ನೋಟ್‌ಬುಕ್ಕಿನಲ್ಲಿ ಮಗುವಿಗೆ ಎರಡು ಸಾಲಿನಂತೆ ಬರೆದಿಡಿ. "ದಡ್ಡ", "ಹುಷಾರು" ಅಂತ ಬರೆಯಬೇಡಿ, "ಸೊನ್ನೆಯಿಂದ ಸಾಲ ತರುವಾಗ ನಿಲ್ಲುತ್ತಾನೆ" ಅಂತ ಬರೆಯಿರಿ.

ನಮ್ಮ ಮಕ್ಕಳು ಮನೆಯಲ್ಲಿ ತುಳು ಅಥವಾ ಕನ್ನಡ, ಬೀದಿಯಲ್ಲಿ ಮರಾಠಿ, ಹಿಂದಿ, ಪುಸ್ತಕದಲ್ಲಿ ಇಂಗ್ಲಿಷ್. ಇದರಿಂದ ಗಣಿತಕ್ಕೆ ತೊಂದರೆಯಾ?

ತೊಂದರೆ ಅನ್ನುವುದಕ್ಕಿಂತ, ನೀವು ತಿಳಿದುಕೊಂಡಿರಬೇಕಾದ ವಿಷಯ. ಮೊದಲ ವಾರದಲ್ಲೇ ಪ್ರತಿ ಮಗುವನ್ನೂ ಒಂದು ಪ್ರಶ್ನೆ ಕೇಳಿ: "ಮನಸ್ಸಿನಲ್ಲಿ ಎಣಿಸುವಾಗ ಯಾವ ಭಾಷೆಯಲ್ಲಿ ಎಣಿಸುತ್ತೀ?" ಇದಕ್ಕೆ ಮಕ್ಕಳು ಬಹಳ ಖುಷಿಯಿಂದ ಉತ್ತರ ಹೇಳುತ್ತಾರೆ, ಯಾಕೆಂದರೆ ಇದನ್ನು ಯಾರೂ ಕೇಳಿರುವುದಿಲ್ಲ.

ಕನ್ನಡದಲ್ಲಿ ಇಪ್ಪತ್ತೊಂದು. ಹತ್ತರ ಅಂಕಿ ಮೊದಲು, ಒಂದರದ್ದು ಆಮೇಲೆ, ಬರೆಯುವ ಕ್ರಮವೂ ಅದೇ. ತುಳುವಿನಲ್ಲೂ ಇರ್ವತ್ತೊಂಜಿ, ಅದೇ ಕ್ರಮ. ಮರಾಠಿಯಲ್ಲಿ ಏಕವೀಸ್, ಒಂದು ಮೊದಲು, ಇಪ್ಪತ್ತು ಆಮೇಲೆ. ಇನ್ನೂ ಮುಂದೆ ಹೋದರೆ 29ಕ್ಕೆ ಏಕೋಣತೀಸ್, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. 59 ಏಕೋಣಸಾಠ್. ಕಿವಿಗೆ ಅರವತ್ತು ಕೇಳುತ್ತದೆ, ಬರೆಯಬೇಕಾದ್ದು ಐವತ್ತರ ಮನೆಯಲ್ಲಿ. ಕನ್ನಡದ ಮಗು ಮರಾಠಿ ಟೀಚರ್ ಬಾಯಲ್ಲಿ ಇದನ್ನು ಕೇಳಿ 69 ಬರೆದರೆ ಅದಕ್ಕೆ ಗಣಿತ ಬರುವುದಿಲ್ಲ ಅಂತ ಅಲ್ಲ.

ಮರಾಠಿ ಮಕ್ಕಳಿಗೂ ಇದು ಕಷ್ಟವೇ. 2019ರಲ್ಲಿ ಬಾಲಭಾರತಿಯ (ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ) ಎರಡನೇ ಕ್ಲಾಸಿನ ಗಣಿತ ಪುಸ್ತಕದಲ್ಲಿ ಏಕವೀಸ್ ಜೊತೆಗೆ "ವೀಸ್ ಏಕ್" ಅಂತಲೂ ಕೊಟ್ಟಾಗ ಮಹಾರಾಷ್ಟ್ರದಲ್ಲಿ ಎಷ್ಟು ಗಲಾಟೆ ಆಯಿತು, ನೆನಪಿದೆಯಲ್ವಾ? ವಿಧಾನಸಭೆಯ ತನಕ ಹೋಯಿತು. ಪುಸ್ತಕದ ಗಣಿತ ಸಮಿತಿಯ ಮುಖ್ಯಸ್ಥೆ ಮಂಗಳಾ ನಾರ್ಳೀಕರ್ ಸ್ವತಃ ಗಣಿತಜ್ಞೆ, ಚಿಕ್ಕ ಮಕ್ಕಳಿಗೆ ಸುಲಭವಾಗಲಿ ಅಂತ ಮಾಡಿದ್ದು ಅಂತ ಕೊನೆಯ ತನಕ ಗಟ್ಟಿಯಾಗಿ ನಿಂತರು. ನನಗೆ ಅವರ ಮಾತೇ ಸರಿ ಕಾಣುತ್ತದೆ. ಆದರೆ ಅದನ್ನು ಸ್ಟಾಫ್ ರೂಮಿನಲ್ಲಿ ಜೋರಾಗಿ ಹೇಳಿ ಮಧ್ಯಾಹ್ನದ ಚಹಾ ಕೆಡಿಸಿಕೊಳ್ಳಬೇಡಿ.

ಇನ್ನೊಂದು ಕಡೆ ಮರಾಠಿ ನಮಗೆ ಸಹಾಯವನ್ನೂ ಮಾಡುತ್ತದೆ. ಸವ್ವಾ, ದೀಡ್, ಅಡೀಚ್, ಪಾವುಣ್ ಅಂತ ಅಂಗಡಿಯಲ್ಲಿ, ರಿಕ್ಷಾದಲ್ಲಿ ದಿನಾ ಕೇಳುವ ಮಗುವಿಗೆ ಒಂದೂಕಾಲು, ಒಂದೂವರೆ, ಎರಡೂವರೆ, ಮುಕ್ಕಾಲು ಏನೆಂದು ಹೇಳಿಕೊಡುವುದೇ ಬೇಡ. ಭಿನ್ನರಾಶಿ ಬಾಯಲ್ಲಿ ಬಂದಾಗಿದೆ, ಅದನ್ನು ಬರೆಯಲು ಕಲಿಸಿದರೆ ಸಾಕು. ಲೆಕ್ಕದಲ್ಲಿ ಯಾವುದು ಮೊದಲು ಯಾವುದು ಆಮೇಲೆ ಅನ್ನುವ ಕ್ರಮಕ್ಕೆ ಅವರು ಮರಾಠಿ ಶಾಲೆಯಲ್ಲಿ "ಕಂಚೇಭಾಗುಬೇವ" ಅಂತ ಕಲಿತಿರುತ್ತಾರೆ, ಕಂಸ (ಆವರಣ), ಚೇ (ಇಂಗ್ಲಿಷಿನ "ಆಫ್"), ಭಾಗಾಕಾರ, ಗುಣಾಕಾರ, ಬೇರೀಜ್ (ಕೂಡುವುದು), ವಜಾಬಾಕಿ (ಕಳೆಯುವುದು). ನೀವು ಬೋಡ್‌ಮಾಸ್ ಅಂದಾಗ ಕಣ್ಣು ಪಿಳಿಪಿಳಿ ಮಾಡಿದರೆ ಇದನ್ನೊಂದು ಸಲ ಹೇಳಿ ನೋಡಿ.

ಮರಾಠಿ ಮಾಧ್ಯಮದಿಂದ ಬಂದ ಮಗು ಅಂಕಿಗಳನ್ನೇ ತಪ್ಪು ಬರೆಯುತ್ತದೆ.

ದೇವನಾಗರಿ ಅಂಕಿಯ ಅಭ್ಯಾಸ. ಅಲ್ಲಿಯ ನಾಲ್ಕು ನೋಡಲು ಇಂಗ್ಲಿಷ್ 8ರ ಹಾಗೆ, ಒಂದು 9ರ ಹಾಗೆ. ಅವಸರದಲ್ಲಿ ಕೈ ತಪ್ಪುತ್ತದೆ. ತಪ್ಪು ಅಂತ ಗೀಟು ಎಳೆಯುವ ಮೊದಲು "ಇದು ಯಾವ ಅಂಕಿ?" ಅಂತ ಕೇಳಿ. ಒಂದೆರಡು ತಿಂಗಳಲ್ಲಿ ಸರಿಹೋಗುತ್ತದೆ.

ಕರ್ನಾಟಕದಿಂದ ಈಗಷ್ಟೇ ಬಂದ ಮಕ್ಕಳನ್ನು ಹೇಗೆ ತಿಳಿದುಕೊಳ್ಳುವುದು?

ಇವರು ಎರಡು ತರ. ಅಪ್ಪನಿಗೆ ವರ್ಗ ಆಗಿ ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಬಂದವರು ಒಂದು. ಅವರಿಗೆ ಮುಖ್ಯವಾಗಿ ಪುಸ್ತಕ, ಪರೀಕ್ಷೆಯ ರೀತಿ ಬೇರೆ. ಅಲ್ಲಿ ಎಸ್‌ಎಸ್‌ಎಲ್‌ಸಿಗೆ 80 ಮಾರ್ಕಿನ ಒಂದೇ ಗಣಿತ ಪೇಪರ್. ಇಲ್ಲಿ ಹತ್ತನೇ ಕ್ಲಾಸಿಗೆ ಬೀಜಗಣಿತ 40, ರೇಖಾಗಣಿತ 40, ಎರಡು ಪುಸ್ತಕ, ಎರಡು ದಿನ. ಒಂಬತ್ತಕ್ಕೆ ಬಂದ ಮಗುವಿಗೆ ಇದನ್ನು ಮೊದಲ ವಾರದಲ್ಲೇ ಬಿಡಿಸಿ ಹೇಳಿ, ಅರ್ಧ ಗಾಬರಿ ಹೋಗುತ್ತದೆ. ಬಾಲಭಾರತಿ ತನ್ನ ಪುಸ್ತಕಗಳನ್ನು ಕನ್ನಡದಲ್ಲೂ ತರುತ್ತದೆ, ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ಮಾಧ್ಯಮದ ಕನ್ನಡ ಮಗುವಿಗೂ ಪ್ರಮೇಯದ ಒಂದು ಪುಟ ಕನ್ನಡದಲ್ಲಿ ತೋರಿಸಿ, ಕೆಲವೊಮ್ಮೆ ಅದೇ ಸಾಕಾಗುತ್ತದೆ.

ಇನ್ನೊಂದು ತರದವರು ಕಟ್ಟಡದ ಕೆಲಸಕ್ಕೆ ಬಂದ ಅಪ್ಪ ಅಮ್ಮನ ಜೊತೆ ಬಂದವರು. ಸೈಟಿನಿಂದ ಸೈಟಿಗೆ ಓಡಾಡಿ ಒಂದೋ ಎರಡೋ ವರ್ಷ ಶಾಲೆಯೇ ತಪ್ಪಿರುತ್ತದೆ. ಆರ್‌ಟಿಇ ಪ್ರಕಾರ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿಕೊಳ್ಳಬೇಕು, ಟಿಸಿ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ, ಹಿಂದೆ ಬಿದ್ದದ್ದನ್ನು ತುಂಬಿಸಲು ವಿಶೇಷ ತರಬೇತಿಯನ್ನೂ ಕೊಡಬೇಕು. ಹಾಗಾಗಿ ಏಳನೇ ಕ್ಲಾಸಿನಲ್ಲಿ ಕೂತ ಹನ್ನೆರಡರ ಹುಡುಗನಿಗೆ ಭಾಗಾಕಾರ ಗೊತ್ತಿಲ್ಲದೇ ಇರಬಹುದು. ಆದರೆ ಅವನಿಗೆ ಏನು ಗೊತ್ತಿದೆ ಅಂತಲೂ ಕೇಳಿ. ಇಟ್ಟಿಗೆ ಲೆಕ್ಕ, ಅಪ್ಪನ ವಾರದ ಪಗಾರದಲ್ಲಿ ಎಷ್ಟು ಖರ್ಚು ಎಷ್ಟು ಉಳಿಕೆ, ಒಂದು ಮೂಟೆ ಸಿಮೆಂಟಿಗೆ ಎಷ್ಟು ಬುಟ್ಟಿ ಮರಳು, ಇವೆಲ್ಲ ಬಾಯಿಲೆಕ್ಕದಲ್ಲಿ ಹೇಳುತ್ತಾನೆ. ಪ್ರಮಾಣ, ಅನುಪಾತದ ಪಾಠ ಬಂದಾಗ ಅವನನ್ನೇ ಮುಂದೆ ನಿಲ್ಲಿಸಿ.

ಎಂಟನೇ ಕ್ಲಾಸಿಗೆ ಬಂದರೂ ಮಗ್ಗಿ ಬರುವುದಿಲ್ಲ. ಮೊದಲು ಅದನ್ನೇ ಬಾಯಿಪಾಠ ಮಾಡಿಸಲಾ?

ಮಾಡಿಸಿ, ಆದರೆ ಅದಕ್ಕೋಸ್ಕರ ಪಾಠ ನಿಲ್ಲಿಸಬೇಡಿ. ಮತ್ತೆ ಯಾವ ಭಾಷೆಯ ಮಗ್ಗಿ ಅಂತ ಕೇಳಿಕೊಳ್ಳಿ. "ಎರಡೊಂದ್ಲ ಎರಡು" ಅಂತ ಅಜ್ಜಿ ಹತ್ತಿರ ಕಲಿತವಳಿಗೆ "ಟೂ ವನ್ಸ್ ಆರ್" ಅಂತ ಶುರು ಮಾಡಿದರೆ ತಡವರಿಸುತ್ತಾಳೆ. "ಬೇ ಏಕೇ ಬೇ" ಅನ್ನುವವನೂ ಅಷ್ಟೇ. ಗೊತ್ತಿರುವ ಭಾಷೆಯಲ್ಲೇ ಹೇಳಲಿ. ಏಳೆಂಟ್ಲಿ ಐವತ್ತಾರು ಅನ್ನುವುದು ಯಾವ ಭಾಷೆಯಲ್ಲಿ ಬಂದರೂ ಐವತ್ತಾರೇ.

ಅರ್ಧ ಕ್ಲಾಸ್ ಈಗಾಗಲೇ ಕ್ಲಾಸಿಗೆ ಹೋಗಿ ಪಾಠ ಮುಗಿಸಿ ಬಂದಿದೆ.

ಮುಂಬಯಿಯಲ್ಲಿ ಶಾಲೆ ಬೇರೆ, "ಕ್ಲಾಸ್" ಅಂದರೆ ಖಾಸಗಿ ಕೋಚಿಂಗ್ ಬೇರೆ, ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ಏಪ್ರಿಲ್, ಮೇ ರಜೆಯಲ್ಲೇ ಹತ್ತನೇ ಕ್ಲಾಸಿನ ಮೂರು ಪಾಠ ಮುಗಿಸಿಕೊಂಡು ಬಂದಿರುತ್ತಾರೆ. ನೀವು ಬೋರ್ಡಿನ ಮೇಲೆ ಪ್ರಶ್ನೆ ಬರೆಯುವ ಮೊದಲೇ ಉತ್ತರ ಬರುತ್ತದೆ. ಇವರನ್ನು ಹುಷಾರು ಅಂದುಕೊಳ್ಳುವುದು ಸುಲಭ, ಅಹಂಕಾರ ಅಂದುಕೊಳ್ಳುವುದು ಇನ್ನೂ ಸುಲಭ.

ನನ್ನ ಉಪಾಯ, ಉತ್ತರ ನಾನೇ ಬರೆದು ಬಿಡುತ್ತೇನೆ. "ಉತ್ತರ x = 3, y = −1. ಇದು ಬರುವ ಹಾಗೆ ಎರಡು ಸಮೀಕರಣ ಮಾಡಿ ಕೊಡಿ." ಕ್ಲಾಸಿನಲ್ಲಿ ಇದನ್ನು ಹೇಳಿಕೊಟ್ಟಿರುವುದಿಲ್ಲ. ಹತ್ತು ನಿಮಿಷದಲ್ಲಿ ಯಾರಿಗೆ ವಿಧಾನ ಮಾತ್ರ ಗೊತ್ತು, ಯಾರಿಗೆ ಒಳಗಿನ ವಿಷಯ ಗೊತ್ತು ಅಂತ ಬೇರೆಯಾಗುತ್ತದೆ. ಕ್ಲಾಸಿಗೆ ಹೋಗದ ಮಗು ಇಲ್ಲಿ ಸಮಸಮ ನಿಲ್ಲುತ್ತದೆ, ಅದು ಬಹಳ ಮುಖ್ಯ.

ಬಾಯೇ ಬಿಡದ ಮಗುವನ್ನು ಏನು ಮಾಡುವುದು?

ಬೋರ್ಡಿಗೆ ಎಳೆಯಬೇಡಿ. ಎಲ್ಲರ ಮುಂದೆ ನಿಲ್ಲಿಸಿ ಅವಮಾನ ಮಾಡುವುದು ತಪ್ಪು ಅಂತ ಕಾಯ್ದೆಯೂ ಹೇಳುತ್ತದೆ, ಕಾಯ್ದೆ ಹೇಳದಿದ್ದರೂ ತಪ್ಪೇ. ಆ ಮಗು ಬರೆಯುವಾಗ ಪಕ್ಕದಲ್ಲಿ ನಿಂತು ಬೇರೆ ಯಾರದ್ದೋ ಪುಸ್ತಕ ನೋಡಿ. ಎರಡನೇ ವಾರ ಇಬ್ಬಿಬ್ಬರನ್ನು ಜೋಡಿ ಮಾಡಿ. ಜೋಡಿಯಲ್ಲಿ ಮಾತಾಡುತ್ತದೆ, ನೀವು ದೂರದಿಂದ ಕೇಳಿಸಿಕೊಳ್ಳಿ. ಕನ್ನಡದ ಮಗು ಹಿಂದಿ, ಮರಾಠಿ ಮಕ್ಕಳ ನಡುವೆ ಒಂಟಿಯಾಗಿ ಕೂತಿದ್ದರೆ ಕಾರಿಡಾರಿನಲ್ಲಿ ಸಿಕ್ಕಾಗ ಕನ್ನಡದಲ್ಲಿ ಎರಡು ಮಾತಾಡಿ, "ಊಟ ಆಯ್ತಾ" ಅಂದರೂ ಸಾಕು. ಕ್ಲಾಸಿನೊಳಗೆ ಬೇಡ, ಉಳಿದವರು ಟೀಚರಿನ ಚಮಚಾ ಅಂತ ಅವನನ್ನೇ ಆಡಿಕೊಳ್ಳುತ್ತಾರೆ.

ಹಿಂದಿನ ವರ್ಷದ ಟೀಚರನ್ನು ಕೇಳಿದರೆ ಎಲ್ಲ ಗೊತ್ತಾಗುತ್ತದಲ್ಲ?

ಕೇಳಿ, ಆದರೆ ಜುಲೈಯಲ್ಲಿ ಕೇಳಿ. ನಿಮ್ಮ ನೋಟ್‌ಬುಕ್ ಅರ್ಧ ತುಂಬಿದ ಮೇಲೆ. ಮೊದಲೇ ಕೇಳಿದರೆ "ಅವನಾ, ಅವನ ಕಥೆ ಬಿಡಿ" ಅನ್ನುವ ಒಂದು ಮಾತು ನಿಮ್ಮ ಕಣ್ಣಿಗೆ ವರ್ಷವಿಡೀ ಅಂಟಿಕೊಳ್ಳುತ್ತದೆ. ಕಣ್ಣು, ಕಿವಿಯ ತೊಂದರೆ, ಫಿಟ್ಸ್, ಮನೆಯಲ್ಲಿ ಸಾವು, ಇಂಥದ್ದನ್ನು ಮಾತ್ರ ಮೊದಲ ದಿನವೇ ಕೇಳಿಕೊಳ್ಳಿ.

ಪಾಲಕರನ್ನು ಯಾವಾಗ ಭೇಟಿಯಾಗಬೇಕು? ಕರೆದರೂ ಬರುವುದಿಲ್ಲ.

ಬರುವುದಿಲ್ಲ ಅಲ್ಲ, ಬರಲು ಆಗುವುದಿಲ್ಲ. ಹೋಟೆಲಿನಲ್ಲಿ ಕೆಲಸ ಮಾಡುವ ಅಪ್ಪನಿಗೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಮೂರೂ ಹೊತ್ತು ಗಿರಾಕಿ. ನಾಲ್ಕು ಗಂಟೆ ಸುಮಾರಿಗೆ ಸ್ವಲ್ಪ ಬಿಡುವು ಸಿಗುತ್ತದೆ, ಆಗ ಫೋನ್ ಮಾಡಿ. ಬೇರೆಯವರ ಮನೆಕೆಲಸಕ್ಕೆ ಹೋಗುವ ಅಮ್ಮಂದಿರಿಗೆ ಭಾನುವಾರವೂ ರಜೆ ಇರುವುದಿಲ್ಲ.

ಮೊದಲ ಫೋನು ದೂರು ಹೇಳುವ ಫೋನ್ ಆಗಬಾರದು. ನಿಮ್ಮ ಮಗಳು ಹೀಗೊಂದು ಪ್ರಶ್ನೆ ಕೇಳಿದಳು ಅಂತ ಹೇಳಿ. ಆ ಕಡೆಯಿಂದ ಹೆಚ್ಚಾಗಿ ಬರುವ ಮಾತು ಇದು: "ಟೀಚರೇ, ನಮ್ಮ ಮನೇಲಿ ಯಾರಿಗೂ ಲೆಕ್ಕ ತಲೆಗೆ ಹತ್ತಲ್ಲ, ಇವಳಿಗೂ ಅಷ್ಟೇ." ಹೀಗೆ ಹೇಳುವ ಅಣ್ಣ ಗಲ್ಲೆಯಲ್ಲಿ ಕೂತು ನಾಲ್ಕು ಟೇಬಲ್ಲಿನ ಬಿಲ್ಲು ಬಾಯಲ್ಲೇ ಕೂಡಿಸುವವರು! ಅದನ್ನೇ ಅವರಿಗೆ ಹೇಳಿ. ಮಗಳ ಎದುರಿಗೆ "ನಮಗೆ ಬರಲ್ಲ" ಅನ್ನಬೇಡಿ ಅಂತಲೂ ಕೇಳಿಕೊಳ್ಳಿ. ತುಳು ಬಂದರೆ ತುಳುವಿನಲ್ಲೇ ಮಾತಾಡಿ, ಕೆಲಸ ಬೇಗ ಆಗುತ್ತದೆ.

ಮಳೆಗೆ ಅರ್ಧ ಮಕ್ಕಳು ಬರುವುದೇ ಇಲ್ಲ. ಆ ದಿನಗಳು ಹಾಳಲ್ಲವಾ?

ಹದಿನೈದು ಮಕ್ಕಳು ಬಂದ ದಿನದಷ್ಟು ಒಳ್ಳೆಯ ದಿನ ಇನ್ನೊಂದಿಲ್ಲ. ಹೊಸ ಪಾಠ ತೆಗೆಯಬೇಡಿ, ಹೇಗೂ ಮತ್ತೆ ಹೇಳಬೇಕು. ಮಳೆಯ ಲೆಕ್ಕವನ್ನೇ ಕೊಡಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದು ಯಾಕೆ ಅಂತ ಅವರೇ ಕಂಡುಹಿಡಿಯಲಿ, ಘನಫಲದ ಪಾಠ ಅಲ್ಲೇ ಆಯಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಬಿತ್ತು. ಹಾಗಾದರೆ ನಮ್ಮ ಶಾಲೆಯ ತಾರಸಿಯ ಮೇಲೆ ಎಷ್ಟು ಲೀಟರ್? ತಾರಸಿ ಎಷ್ಟು ದೊಡ್ಡದು ಅಂತ ಅಂದಾಜು ಮಾಡುವುದರಲ್ಲೇ ಜಗಳ ಶುರುವಾಗುತ್ತದೆ. ಒಬ್ಬ ಹೆಜ್ಜೆ ಹಾಕಿ ಕ್ಲಾಸ್ ರೂಮು ಅಳೆಯುತ್ತಾನೆ, ಒಬ್ಬಳು ಟೈಲ್ಸ್ ಎಣಿಸುತ್ತಾಳೆ, ಒಬ್ಬ ಸುಮ್ನೆ "ಒಂದು ಕೋಟಿ" ಅನ್ನುತ್ತಾನೆ. ಮನೆಯಲ್ಲಿ ಆ ದಿನದ ಕಥೆ ಕೇಳಿ ಬನ್ನಿ ಅಂದರೆ ಮರುದಿನ ಪ್ರತಿ ಮಗುವಿನ ಹತ್ತಿರವೂ ಒಂದು ಕಥೆ ಇರುತ್ತದೆ, ಯಾರ ಮನೆ ಎಲ್ಲಿ, ಯಾರ ಅಪ್ಪ ಎಲ್ಲಿ ಕೆಲಸಕ್ಕಿದ್ದರು ಎಲ್ಲ ನಿಮಗೆ ತಿಳಿಯುತ್ತದೆ.

ಇದಕ್ಕೆಲ್ಲ ಎಷ್ಟು ದಿನ? ಪೋರ್ಷನ್ ಯಾರು ಮುಗಿಸುತ್ತಾರೆ?

ಜೂನ್ ಮಧ್ಯದಲ್ಲಿ ಶಾಲೆ ತೆರೆದರೆ ಊರಿಗೆ ಹೋದವರು ಪೂರ್ತಿ ವಾಪಸ್ ಬರಲು ಹೇಗೂ ಒಂದು ವಾರ ಬೇಕು. ಕೊಂಕಣ ರೈಲ್ವೆಯ ವೇಯ್ಟಿಂಗ್ ಲಿಸ್ಟಿನಲ್ಲಿ ಸಿಕ್ಕಿಕೊಂಡಿರುತ್ತಾರೆ. ಆ ವಾರ ಪೂರ್ತಿ ಇದಕ್ಕೇ ಇಡಿ. ಆಮೇಲೆ ಪಾಠ ಶುರು ಮಾಡಿ, ಪೀರಿಯಡ್ಡಿನ ಮೊದಲ ಐದು ನಿಮಿಷ ಮಾತ್ರ ಒಂದು ಚೀಟಿ ಪ್ರಶ್ನೆಗೆ ಇಟ್ಟುಕೊಳ್ಳಿ. ಮೊದಲ ಘಟಕ ಪರೀಕ್ಷೆ ಬರುವುದರೊಳಗೆ ನಿಮ್ಮ ನೋಟ್‌ಬುಕ್ ತುಂಬಿರುತ್ತದೆ. ಹೆಡ್‌ಮಾಸ್ಟರ್ ಕೇಳಿದರೆ ಹಿಂದಿನ ಪಾಠದ ಪುನರಾವರ್ತನೆ ನಡೆದಿದೆ ಅನ್ನಿ. ಅದು ಸುಳ್ಳಲ್ಲ.

ಆಗಸ್ಟಿನಲ್ಲಿ ಹೊಸ ಮಗು ಬಂದು ಸೇರಿದರೆ?

ಬಂದ ದಿನವೇ ಯೂನಿಟ್ ಟೆಸ್ಟಿಗೆ ಕೂರಿಸಬೇಡಿ. ಅದೇ ಚೀಟಿಯನ್ನು ಲೈಬ್ರರಿಯಲ್ಲೋ ಸ್ಟಾಫ್ ರೂಮಿನ ಹೊರಗಿನ ಬೆಂಚಿನಲ್ಲೋ ಕೂರಿಸಿ ಬರೆಸಿ. ಪಕ್ಕಕ್ಕೆ 6174 ಗೊತ್ತಿರುವ ಒಬ್ಬರನ್ನು ಕೂರಿಸಿ, ಮೊದಲ ವಾರ ನಾವೇನು ಮಾಡಿದೆವು ಅಂತ ಅವರೇ ಹೇಳಿಕೊಡಲಿ. ನಿಮ್ಮ ನೋಟ್‌ಬುಕ್ಕಿನ ಕೊನೆಯಲ್ಲಿ ನಾಲ್ಕು ಪುಟ ಖಾಲಿ ಬಿಟ್ಟಿರಿ, ಇಂಥವರು ವರ್ಷಕ್ಕೆ ಮೂರ್ನಾಲ್ಕು ಜನ ಬಂದೇ ಬರುತ್ತಾರೆ.